ಲೇಬಲ್ಲಿಲ್ಲದ ಎಣ್ಣೆ

ಡಬ್ಬಿಯ ಮೇಲಿನ ಅಕ್ಷರ ಓದಿ ಗಾಡಿಗೆ ಎಣ್ಣೆ ಹಾಕುವವರನ್ನು ಕಂಡರೆ ಅಶ್ವತ್ಥಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಕೆಲಮಂಗಲದಲ್ಲಿ ನಲವತ್ತು ವರ್ಷದಿಂದ ಹಳೇ ಜೀಪುಗಳನ್ನು ರಿಪೇರಿ ಮಾಡಿಕೊಂಡು ಬಂದವನು ಅವನು. ಎಣ್ಣೆ ಕೊಂಡು ತಂದ ದಿನವೇ ಅದನ್ನು ತನ್ನ ಕ್ಯಾನುಗಳಿಗೆ ಸುರಿದುಕೊಂಡು, ಲೇಬಲ್ಲಿದ್ದ ಡಬ್ಬಿಗಳನ್ನು ಗುಜರಿಗೆ ಎಸೆಯುತ್ತಿದ್ದ. ಬೆರಳು ಅದ್ದಿ ಒಮ್ಮೆ ಮೂಸಿದರೆ ಸಾಕು, ಇದು ಗೇರ್ ಬಾಕ್ಸಿನದು, ಇದು ಆಕ್ಸಲ್‌ನದು, ಇದಕ್ಕೆ ಡೀಸೆಲ್ ಬೆರೆತಿದೆ ಎಂದು ಹೇಳಿಬಿಡುತ್ತಿದ್ದ. ಹಾಗೆ ಹೇಳಲಾರದವರೆಲ್ಲ ಅವನ ಪಾಲಿಗೆ ದಂಡಪಿಂಡಗಳು.

ಅವರಲ್ಲಿ ಮೊದಲನೆಯವನು ಹೊಸೂರಿನ ವಕೀಲ ರಘೋತ್ತಮ. ಜವಳಗಿರಿಯ ಕಾಡಂಚಿನಲ್ಲಿ ಎರಡೆಕರೆ ಕೊಂಡು, ಅಲ್ಲಿಗೆ ಹೋಗಿಬರಲು ಮೂವತ್ತು ವರ್ಷದ ಫೋರ್ ವೀಲ್ ಜೀಪೊಂದನ್ನೂ ಕೊಂಡಿದ್ದ. ಮುಂದಿನ ಚಕ್ರಗಳಿಗೂ ಬಲ ಕೊಡುವ ಆ ಗಿಡ್ಡ ಲಿವರನ್ನು ಯಾವಾಗ ಎಳೆಯಬೇಕೆಂಬುದು ಇವನಿಗೆ ತಿಳಿಯದು. ಎಣ್ಣೆಯ ಮಾತು ಬಂದರೆ ಮಾತ್ರ ಫೋನಿನಲ್ಲಿ ಓದಿದ್ದನ್ನೆಲ್ಲ ಜಡ್ಜಿನ ಮುಂದೆ ನಿಂತವನ ಹಾಗೆ ವಾದಿಸುವನು. ಹೋದ ತಿಂಗಳು ಸೀಲು ಒಡೆಯದ ಡಬ್ಬಿಯೊಂದನ್ನು ಹೊತ್ತು ತಂದಿದ್ದ. ಹಳೇ ಗೇರ್ ಬಾಕ್ಸಿನೊಳಗೆ ಗೇರು ಬೀಳಲು ನೆರವಾಗುವ ಹಿತ್ತಾಳೆಯ ಬಳೆಗಳಿರುತ್ತವೆ, ಗಂಧಕ ಹೆಚ್ಚಿರುವ ಆಕ್ಸಲ್ ಎಣ್ಣೆ ಬಿದ್ದರೆ ಅವು ಸವೆದುಹೋಗುತ್ತವೆ, ಈ ಸೌಮ್ಯವಾದ ಎಣ್ಣೆಯನ್ನೇ ಹಾಕಿ ಎಂದು ಅಂಗಲಾಚಿದ. ಮೊನ್ನೆ ಹುಟ್ಟಿದವನು ತನಗೆ ಪಾಠ ಹೇಳುವುದೇ? ಅಶ್ವತ್ಥಪ್ಪ ಡಬ್ಬಿಯನ್ನು ಅವನ ಕೈಗೇ ವಾಪಸು ಕೊಟ್ಟು, ತನ್ನ ಕ್ಯಾನಿನಿಂದಲೇ ತುಂಬಿಸಿ ಕಳಿಸಿದ.

ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ಅಶ್ವತ್ಥಪ್ಪನ ಮೂಗು ಸತ್ತು ಎರಡು ತಿಂಗಳಾಗಿತ್ತು. ಶಿವರಾತ್ರಿಯ ಹೊತ್ತಿಗೆ ಹಿಡಿದ ಜ್ವರ ಬಿಟ್ಟುಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಗಿತ್ತು. ಇದನ್ನು ಅವನು ಹೆಂಡತಿ ತುಳಸಮ್ಮನಿಗೂ ಹೇಳಿರಲಿಲ್ಲ. ಹೇಳಿದರೆ ಊರಿಗೆ ಗೊತ್ತಾಗುತ್ತದೆ, ಊರಿಗೆ ಗೊತ್ತಾದರೆ ಯಾವನು ತನ್ನ ಶೆಡ್ಡಿಗೆ ಬರುತ್ತಾನೆ? ಗೋಡೆಯ ಕಡೆಯ ಕ್ಯಾನು ಗೇರ್ ಬಾಕ್ಸಿಗೆ, ಬಾಗಿಲ ಕಡೆಯದು ಆಕ್ಸಲ್‌ಗೆ ಎಂದು ನೆನಪಿಟ್ಟುಕೊಂಡು, ಮೂಸುವ ನಾಟಕವಾಡುತ್ತ ದಿನ ದೂಡುತ್ತಿದ್ದ. ವಕೀಲ ಡಬ್ಬಿ ತರುವುದಕ್ಕೆ ಮೊದಲು ಒಂದು ದಿನ ನೆಲ ತೊಳೆದು ಕ್ಯಾನುಗಳನ್ನು ಮತ್ತೆ ಜೋಡಿಸುವಾಗ ಯಾವುದು ಎಲ್ಲಿತ್ತೆಂದು ಅನುಮಾನ ಬಂತು. ಅನುಮಾನವನ್ನು ನುಂಗಿಕೊಂಡ.

ಇವತ್ತು ರಘೋತ್ತಮ ಮತ್ತೆ ಬಂದ. ನಿನ್ನೆ ಜವಳಗಿರಿ ಏರಿನಲ್ಲಿ ಎರಡನೇ ಗೇರು ಬೀಳದೆ ಜೀಪು ಹಿಂದಕ್ಕೆ ಜಾರಿ, ಹಳ್ಳದ ಅಂಚಿನಲ್ಲಿ ಹೇಗೋ ನಿಂತಿತಂತೆ. ಹೆಂಡತಿ ಹಂಸಾ ಇನ್ನು ಆ ಗಾಡಿ ಹತ್ತುವುದಿಲ್ಲ ಎಂದುಬಿಟ್ಟಳಂತೆ. ಕ್ಲಚ್ಚು ಒತ್ತಲು ಬಾರದವರು ಜೀಪು ಯಾಕೆ ಸಾಕಬೇಕು, ಆಟೋದಲ್ಲಿ ಓಡಾಡಬಾರದೇ ಎಂದು ಅಶ್ವತ್ಥಪ್ಪ ನಾಲಿಗೆ ಹರಿಬಿಟ್ಟ. ಬೈಯುತ್ತಲೇ ಗಾಡಿಯಡಿ ತೂರಿ ಗೇರ್ ಬಾಕ್ಸಿನ ಎಣ್ಣೆ ಇಳಿಸಿದ. ತಟ್ಟೆಗೆ ಬಿದ್ದ ಎಣ್ಣೆಯ ತುಂಬ ಹಿತ್ತಾಳೆಯ ಪುಡಿ ಮಿನುಗುತ್ತಿತ್ತು. ವಕೀಲ ಹೇಳಿದ್ದ ಬಳೆಗಳೇ ಸವೆದಿದ್ದವು.

ಹೊರಗೆ ಬಂದಾಗ ರಘೋತ್ತಮ ಎರಡು ನೀರಿನ ಬಾಟಲಿಗಳನ್ನು ಹಿಡಿದುಕೊಂಡು ನಿಂತಿದ್ದ. ಲೇಬಲ್ ನೋಡಿದರೆ ನೀವು ನಗುತ್ತೀರೆಂದು ಗೇರ್ ಬಾಕ್ಸಿನ ಎಣ್ಣೆ, ಆಕ್ಸಲ್ ಎಣ್ಣೆ ಎರಡನ್ನೂ ಇವುಗಳಿಗೆ ಸುರಿದುಕೊಂಡು ಬಂದೆ, ದಾರಿಯಲ್ಲಿ ಉರುಳಾಡಿ ಯಾವುದು ಯಾವುದೆಂದು ಮರೆತುಹೋಯಿತು, ನೀವು ಮೂಸಿ ಹೇಳಿಬಿಡಿ ಎಂದ. ಮುಖದಲ್ಲಿ ಕುಹಕವಿರಲಿಲ್ಲ. ಈ ಪೆದ್ದ ತನ್ನನ್ನು ನಂಬಿದ್ದಾನೆ ಎಂಬುದು ಅಶ್ವತ್ಥಪ್ಪನಿಗೆ ತಡೆಯಲಾರದ ಸಿಟ್ಟು ತರಿಸಿತು.

"ಇಷ್ಟ್ ದಿನ ಬಂದು ಏನ್ ಕಲ್ತ್ರಿ ಸಾರ್? ನೀವೇ ಮೂಸಿ ಹೇಳಿ," ಎಂದ.

ರಘೋತ್ತಮ ವಿಧೇಯ ವಿದ್ಯಾರ್ಥಿಯಾಗಿ ಮೂಸಿದ. ಒಂದರಲ್ಲಿ ಅಂಥ ವಾಸನೆಯೇನಿಲ್ಲ, ಇನ್ನೊಂದರಲ್ಲಿ ಗಂಧಕದ ನಾತ, ಕೊಳೆತ ಮೊಟ್ಟೆ ಎಂದ. ಉಪಾಯ ಫಲಿಸಿತೆಂದು ಅಶ್ವತ್ಥಪ್ಪ ಒಳಗೊಳಗೇ ಬೀಗುವಷ್ಟರಲ್ಲಿ, ಆ ಮನುಷ್ಯ ಹುಮ್ಮಸ್ಸಿನಿಂದ ಬಗ್ಗಿ ತಟ್ಟೆಯ ಎಣ್ಣೆಯನ್ನೂ ಮೂಸಿದ. ಮತ್ತೊಮ್ಮೆ ಮೂಸಿ, ಮೆಲ್ಲಗೆ ತಲೆಯೆತ್ತಿದ.

"ಇದೂ ಕೊಳೆತ ಮೊಟ್ಟೆಯೇ. ಅಶ್ವತ್ಥಪ್ಪನವರೇ, ಯಾವತ್ತಿನಿಂದ ನಿಮಗೆ ವಾಸನೆ ಬರ್ತಿಲ್ಲ?"

ವಕೀಲ ಗದರಿಸಿದ್ದರೆ ತಿರುಗಿಬಿದ್ದು ಜಗಳವಾಡಬಹುದಿತ್ತು. ಅವನ ಕಣ್ಣಲ್ಲಿದ್ದದ್ದು ಕನಿಕರ. ಯಾರಿಗೂ ಹೇಳುವುದಿಲ್ಲ ಬಿಡಿ ಎಂದು ಸಮಾಧಾನವನ್ನೂ ಮಾಡಿದ. ಜೀವಮಾನವೆಲ್ಲ ಇನ್ನೊಬ್ಬರ ಮೇಲೆ ಉಗಿದ ತಾತ್ಸಾರವನ್ನು ಅಶ್ವತ್ಥಪ್ಪ ಆ ಗಳಿಗೆಯಲ್ಲಿ ತನ್ನ ಮೇಲೆಯೇ ಉಗಿದುಕೊಂಡ. ಹೋದ ತಿಂಗಳು ವಕೀಲನ ಗಾಡಿಗೆ ಹಾಕಿದ ವಾರವೇ, ಅದೇ ಕ್ಯಾನಿನಿಂದ ಉದ್ದನಪಲ್ಲಿಯ ಜಯರಾಮಯ್ಯನ ಜೀಪಿಗೂ ಎಣ್ಣೆ ಹಾಕಿದ್ದ. ಜಯರಾಮಯ್ಯ ಈಗ ದಿನವೂ ಹತ್ತು ಜನ ಕೂಲಿಯವರನ್ನು ತುಂಬಿಕೊಂಡು ಅದೇ ಜವಳಗಿರಿ ಏರು ಹತ್ತುತ್ತಿದ್ದ. ಮಾನ ಹೋದರೆ ಹೋಗಲಿ ಎಂದು ಅಶ್ವತ್ಥಪ್ಪ ಫೋನು ತೆಗೆದ.

"ಜಯರಾಮ, ಗಾಡಿ ಎಲ್ಲದೆಯೋ ಅಲ್ಲೇ ನಿಲ್ಸ್ಲಾ. ನಾನು ತಪ್ಪು ಎಣ್ಣೆ ಹಾಕ್ಬುಟ್ಟಿದ್ದೀನಿ. ನನ್ ಮೂಗು ಹೋಗ್ಬುಟ್ಟದೆ ಕಣ್ಲಾ."

ಆ ಕಡೆಯಿಂದ ದೊಡ್ಡ ನಗು ಕೇಳಿಸಿತು.

"ನಿನ್ ಮೂಗು ತಪ್ಪೋದುಂಟಾ? ಆ ಹೊಸೂರು ವಕೀಲ ಅದೇನೋ ಓದ್ಕೊಂಡ್ಬಂದು ನಿನ್ ತಲೆ ಕೆಡ್ಸವ್ನೆ. ಅಂತೋರ್ ಮಾತು ಕಿವಿಗ್ ಹಾಕೋಬೇಡ ಅಂತ ನೀನೇ ಹೇಳ್ತಿರ್ಲಿಲ್ವಾ?"

ಹಿಂದಿನಿಂದ ಕೂಲಿಯವರೂ ನಕ್ಕರು, ಫೋನು ಕಟ್ಟಾಯಿತು. ಅಶ್ವತ್ಥಪ್ಪ ಮತ್ತೆ ಫೋನು ಮಾಡಿದ, ಮತ್ತೆ ಮತ್ತೆ ಮಾಡಿದ. ಜೀಪು ಆಗಲೇ ಸಿಗ್ನಲ್ ಸಿಗದ ಕಾಡು ಹೊಕ್ಕಿತ್ತು.