ಮಾವನ ಬಾಟಲಿಗೆ ನಲ್ಲಿ ನೀರು

ಟಪ್ ಅಂತ ಒಳಗೆ ಏನೋ ತೊಟ್ಟಿಕ್ಕಿತು, ಐಸ್ ಕ್ಯಾಂಡಿನೇ, ಕರಗುತ್ತಿದೆ, ಎಲೆಯ ಮೇಲೆ ಕೆಂಪು ನೀರಾಗಿ ಅನ್ನದ ಕಡೆ ಹರಿಯುತ್ತಿರಬೇಕು, ಹರಿಯಲಿ, ನನ್ನ ನೀಲಂಗೆ ಹಾಗೇ ಇಷ್ಟ, ನೋಡಮ್ಮ ಎಷ್ಟು ಕೆಂಪು ಅಂತ ನಾಲಿಗೆ ಚಾಚಿ ಬೀದಿಯಲ್ಲೇ ತೋರಿಸೋಳು, ಹದಿನೇಳು ವರ್ಷದ ಕತ್ತೆ, ಒಳಗೆ ಹಾಕೇ ನಾಲಿಗೆ ಅಂತ ಬೈದರೆ ಇನ್ನೂ ಉದ್ದ ಚಾಚೋಳು — ಮಾಳಯ ಅಮಾವಾಸ್ಯೆ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಬಾಗಿಲು ಮುಚ್ಚಿ, ಮನೆಮಂದಿ ಹೊರಗೆ ಕೂರೋದು ನಮ್ಮಲ್ಲಿ ಪದ್ಧತಿ, ಬಂದವರು ಸಂಕೋಚ ಪಡದೆ ತಿಂದು ಹೋಗಲಿ ಅಂತ, ಆದರೆ ಐಸ್ ಕ್ಯಾಂಡಿ ಎಡೆ ಇಟ್ಟ ಮನೆ ಇಡೀ ಬಿನ್ನಿಪೇಟೆಯಲ್ಲಿ ನಮ್ಮದೊಂದೇ ಇರಬೇಕು, ಇರಲಿ, ಯಾರಪ್ಪನ ಗಂಟೇನು ಹೋಗುತ್ತೆ. ಗಾಡಿಯವನಿಗೆ ಹನ್ನೆರಡಕ್ಕೆ ಸರಿಯಾಗಿ ಬಾ ಅಂದಿದ್ದೆ, ತಡ ಮಾಡಿ ಬಂದ, ಚೆನ್ನಾಗಿ ಉಗಿದೆ, ಮಕ್ಕಳಿಗಾದ್ರೆ ಇನ್ನೊಂದು ತೊಗೊಳ್ಳಿ ಅಕ್ಕ ಅಂದ, ಅವನಿಗೇನು ಗೊತ್ತು, ಒಂದು ಸಾಕು ಕಣಪ್ಪ, ಎರಡು ತಿಂದರೆ ಅವಳಿಗೆ ಕೆಮ್ಮು ಅಂದುಬಿಟ್ಟೆ, ಅಂದಮೇಲೆ ನನಗೇ ನಗು ಬಂತು.

ಅತ್ತಿಗೆ, ಹಿರಿಯರು ಇನ್ನೂ ಎಷ್ಟು ಹೊತ್ತು ತಿಂತಾರೆ, ವಡೆ ತಣ್ಣಗಾಗ್ತವೆ — ನನ್ನ ಮೈದುನ ಕಿಟ್ಟಿ, ನಲವತ್ತು ದಾಟಿದರೂ ಹೊಟ್ಟೆ ಮಾತ್ರ ಹತ್ತು ವರ್ಷದ್ದು, ಸುಮ್ನೆ ಕೂತ್ಕೊಳೋ, ನಿಮ್ಮಪ್ಪಂಗೆ ಹಲ್ಲಿರಲಿಲ್ಲ, ನಿಧಾನ ಆಗುತ್ತೆ ಅಂದೆ, ನನ್ನ ಗಂಡನೂ ನಕ್ಕ, ಹೆಸರು ಉಗ್ರಪ್ಪ, ಇರುವೆ ಕಚ್ಚಿದರೂ ಅದರ ಕ್ಷಮೆ ಕೇಳುವ ಮನುಷ್ಯ, ಮನೆಯ ಕೋಪವೆಲ್ಲ ನನ್ನ ಪಾಲಿಗೆ ಬಂದಿದೆ, ಬಂದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ನೀಲಂಗೆ ಎಲೆಯೇ ಬೀಳುತ್ತಿರಲಿಲ್ಲ. ಮದುವೆ ಆಗದ ಹುಡುಗಿ, ಹಿರಿಯರ ಸಾಲಲ್ಲಿ ಕೂರಿಸ್ತಾರೇನೇ ಅಂದರು ನನ್ನತ್ತೆ ಅಂಜಮ್ಮ, ಯಾಕೆ ಕೂರಿಸಬಾರ್ದು, ನಮಗಿಂತ ಮೊದಲೇ ಹೋಗಿ ಎಲ್ಲರಿಗೂ ಹಿರಿಯಳಾಗಿದ್ದಾಳಲ್ಲ ಅಂತ ಕೂಗಿದೆ, ಪಕ್ಕದ ಮನೆಯವರು ಕಿಟಕಿ ತೆಗೆದರು, ಸರಿ, ಅವಳ ತಾತನ ಪಕ್ಕದಲ್ಲೇ ಇಡು ಅಂದರು ಅತ್ತೆ. ಅಲ್ಲೇ ಬಂತು ನೋಡು ಫಜೀತಿ. ತಾತನ ಎಲೆ ಪಕ್ಕ ವರ್ಷಾವರ್ಷ ಒಂದು ಬಾಟಲಿ ಸಾರಾಯಿ ಇಡಬೇಕು, ಮಾವ ಮಿಲ್ಲಿನ ಪಾಳಿ ಮುಗಿಸಿ ನೇರ ಅಂಗಡಿಗೇ ಹೋಗುತ್ತಿದ್ದ ಆಸಾಮಿ, ಬಾಟಲಿ ಇಲ್ಲದಿದ್ದರೆ ಹಿರಿಯರು ಮುನಿಸಿಕೊಂಡು ಮನೆಗೆ ಕೇಡು ಅಂತ ಅತ್ತೆಯ ನಂಬಿಕೆ, ಕಿಟ್ಟಿ ನಿನ್ನೆಯೇ ತಂದಿಟ್ಟಿದ್ದ.

ಆ ಸಾರಾಯಿ ನನ್ನ ಮಗಳ ಎಲೆ ಪಕ್ಕ! ಎಪ್ಪತ್ತೇಳನೇ ಇಸವಿ ಶುರುವಾಗಿ ಹದಿನೆಂಟನೇ ದಿನ, ಹಾಡೇ ಹಗಲು, ಮಾಗಡಿ ರೋಡಿನ ಬಸ್ ಸ್ಟಾಪಲ್ಲಿ, ಹೊಲಿಗೆ ಕ್ಲಾಸು ಮುಗಿಸಿ ನಿಂತಿದ್ದವಳ ಮೇಲೆ ಲಾರಿ ಹತ್ತಿಸಿದನಲ್ಲ, ಅವನ ಹೊಟ್ಟೆಯಲ್ಲಿದ್ದದ್ದೂ ಇದೇ, ಯಾರೋ ಬಂದು ಹೇಳಿದರು, ಓಡಿದೆ, ಅವಳ ಮುಖ ನೋಡಿದೆ, ಆಮೇಲೆ ಚಪ್ಪಲಿ ಕೈಗೆ ತೊಗೊಂಡು ಲಾರಿ ಹತ್ತಿದೆ — ಬೇಡ, ಹಬ್ಬದ ದಿನ ಅದು ಬೇಡ. ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ಸಾರಾಯಿನೆಲ್ಲ ಮೋರಿಗೆ ಸುರಿದೆ, ನಲ್ಲಿ ನೀರು ತುಂಬಿದೆ, ಬಣ್ಣ ಎರಡಕ್ಕೂ ಒಂದೇ, ಬಿರಟೆ ಹಾಕಿ ಇದ್ದಲ್ಲೇ ಇಟ್ಟೆ, ಕುಡೀರಿ ಮಾವ, ಮುನಿಸಿಕೊಂಡರೆ ನನ್ನ ಹತ್ತಿರ ಬನ್ನಿ, ನಾನೂ ಎರಡು ಮಾತಾಡೋಳೇ.

ಅತ್ತೆ ಯಾಕೆ ಹತ್ತಿರ ಸರಿಯುತ್ತಿದ್ದಾರೆ, ಎಲೆಅಡಿಕೆ ವಾಸನೆ, ಕಿವಿ ಹತ್ತಿರ ಬಾಯಿ, ಮುನಿತಾಯೀ, ನಾನು ಬಾಟಲಿ ಮೂಸಿ ನೋಡ್ದೆ ಕಣೇ. ನಲವತ್ತು ವರ್ಷ ಆ ವಾಸನೆ ಜೊತೆ ಸಂಸಾರ ಮಾಡಿದೋಳು ನಾನು, ನನ್ನ ಕಣ್ಣಿಗೇ ಮಣ್ಣೆರಚ್ತೀಯಾ? ಮತ್ತೆ ಯಾಕೆ ಸುಮ್ನಿದ್ರಿ ಅತ್ತೆ? ಮೊಮ್ಮಗಳ ಮುಂದೆ ಮುದುಕ ಒಂದಿನ ನೀರು ಕುಡೀಲಿ ಬಿಡು, ಇನ್ನೊಂದ್ಸಲ ಸಾಯ್ತಾನಾ? ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡೆ, ಅತ್ತೆಯ ಹೊಟ್ಟೆಯೂ ಕುಲುಕುತ್ತಿದೆ, ಏನದು ನಮಗೂ ಹೇಳ್ರಿ ಅಂತಾನೆ ಕಿಟ್ಟಿ, ನಿನಗಲ್ಲ ಹೋಗೋ ಅಂದೆ, ಪಾಪ ಬರೀ ಬಾಯಲ್ಲಿ ಹೋಗಬಾರ್ದು ಅಂತ ನಿಮ್ಮ ಮಾವಂಗೆ ಬೇರೆ ಒಂದು ಇಟ್ಟಿದೀನಿ ಕಣೇ ಅಂದರು ಅತ್ತೆ, ಎದ್ದು ಮೂರು ಸಲ ಚಪ್ಪಾಳೆ ತಟ್ಟಿದರು, ಬಾಗಿಲು ತಳ್ಳಿದರು, ಸಾಂಬ್ರಾಣಿ ಹೊಗೆ, ವಡೆ, ನೀಲನ ಎಲೆ ಪೂರ್ತಿ ಕೆಂಪು, ಚೆನ್ನಾಗಿ ತಿಂದಿದ್ದಾಳೆ, ಮಾವನ ಎಲೆ ತುದಿಯಲ್ಲಿ ಒಂದು ಬೀಡಿ — ಅತ್ತೆಯೇ ಹಚ್ಚಿ ಒಂದು ದಮ್ಮು ಎಳೆದು ಇಟ್ಟಿದ್ದಾರೆ, ಅರ್ಧ ಉರಿದು ಆರಿಹೋಗಿದೆ, ಅವರ ತಪ್ಪಲ್ಲ, ಅವರಿಗೆ ಗೊತ್ತಿಲ್ಲ, ನಾನು ಯಾರಿಗೂ ಹೇಳಿಲ್ಲ, ಆ ಲಾರಿ ದಿನಾ ಕಣ್ಣ ಮುಂದೆ ಬರುತ್ತೆ, ಈಗಲೂ ಬಂತು, ಚಪ್ಪಲಿ ಎತ್ತಿದ ಕೈ ಹಾಗೇ ನಿಂತಿತ್ತು, ಅವನು ಸ್ಟೀರಿಂಗ್ ಮೇಲೆ ಕೆನ್ನೆ ಇಟ್ಟು ಗೊರಕೆ ಹೊಡೆಯುತ್ತಿದ್ದ, ಕಿವಿಯ ಮೇಲೆ ಸಿಕ್ಕಿಸಿಕೊಂಡ ಬೀಡಿ, ಲಾರಿ ಅಷ್ಟು ಜೋರಾಗಿ ಗುದ್ದಿದರೂ ಬಿದ್ದಿರಲಿಲ್ಲ, ಅರ್ಧ ಬೀಡಿ, ಕಿವಿಯ ಮೇಲೆ, ಬಿದ್ದಿರಲಿಲ್ಲ,