ಹೆಣದ ಪಾತ್ರದವನ ಬಲಗೈ

ಎಂಬತ್ತಮೂರರ ಆಯುಧಪೂಜೆ. ಹೊಸೂರಿನ ಒಂದು ತಗಡು ಕಾರ್ಖಾನೆಯಲ್ಲಿ ಸಾಹುಕಾರರ ನೆಂಟರೂ ಕೆಲಸಗಾರರ ಮನೆಯವರೂ ಊಟ ಮುಗಿಸಿ ಕೊಲೆಗಾರನನ್ನು ಹುಡುಕುತ್ತಿದ್ದರು.

ಆಫೀಸಿನ ಜಯರಾಮಯ್ಯ ಕಟ್ಟಿದ ನಾಟಕಕ್ಕೆ ವೇದಿಕೆಯಿಲ್ಲ, ಪರದೆಯಿಲ್ಲ. ಮತ್ತಿಗಿರಿಯ ಒಂದು ನಾಮಕರಣದಲ್ಲಿ, ಆಮೇಲೆ ರೇಷ್ಮೆಗೂಡಿನ ಗೋದಾಮಿನಲ್ಲಿ ಆಡಿ ಆಗಲೇ ಹೆಸರಾಗಿತ್ತು. ನೋಡುವವರೇ ಪೊಲೀಸರು. ಯಾರನ್ನು ಬೇಕಾದರೂ ವಿಚಾರಿಸಬಹುದು, ಹೆಣವನ್ನೂ ಮುಟ್ಟಿ ನೋಡಬಹುದು. ಕೊಲೆಗಾರನನ್ನು ಹಿಡಿದವರಿಗೆ ಪ್ರೆಶರ್ ಕುಕ್ಕರ್. "ಇಲ್ಲಿ ಎಲ್ಲರೂ ಸುಳ್ಳು ಹೇಳ್ತಾರೆ, ಯಾರನ್ನೂ ನಂಬಬೇಡಿ" ಎಂದು ಜಯರಾಮಯ್ಯ ಮೊದಲೇ ಸಾರಿದ್ದ.

ಹೆಣ ಮುನಿಯಲ್ಲಪ್ಪ. ಅವನು ದಿನಾ ದುಡಿಯುವ, ತಗಡು ಒತ್ತಿ ಕತ್ತರಿಸುವ ಪ್ರೆಸ್ಸಿನ ಮೇಲೆಯೇ ಅವನನ್ನು ಕವುಚಿ, ಬಲಗೈಯನ್ನು ಪ್ರೆಸ್ಸಿನ ಬಾಯೊಳಗಿಟ್ಟು, ಹಿಂದಿನ ಬೋಲ್ಟಿಗೆ ತಂತಿಯಿಂದ ಬಿಗಿದಿದ್ದರು. ಗಂಟು ಎಡಗೈಗೆ ಎಟುಕುತ್ತಿರಲಿಲ್ಲ. ಕರೆಂಟಿನ ಮೇನ್ ಸ್ವಿಚ್ ಆಫ್ ಆಗಿದ್ದರಿಂದ ಅವನೂ ಒಪ್ಪಿಕೊಂಡಿದ್ದ.

ಆದರೆ ಪೂಜೆಯ ದಿನ ರಾಹುಕಾಲಕ್ಕೆ ಮೊದಲು ಮೆಷಿನುಗಳನ್ನು ಒಂದು ಗಳಿಗೆಯಾದರೂ ಓಡಿಸುವುದು ಅಲ್ಲಿನ ರೂಢಿ. ನಾಟಕ ಅಷ್ಟರೊಳಗೆ ಮುಗಿಯಬೇಕಿತ್ತು. ಜನರ ವಿಚಾರಣೆ ಮುಗಿಯಲಿಲ್ಲ, ರಾಹುಕಾಲ ಹತ್ತಿರ ಬಂತು. ಆಚೆ ಕೋಣೆಯಲ್ಲಿದ್ದ ಎಲೆಕ್ಟ್ರಿಷಿಯನ್ ಮೇನ್ ಎತ್ತಿಬಿಟ್ಟ.

ಈ ಪ್ರೆಸ್ಸಿನ ಸ್ಟಾರ್ಟರ್ ಗುಂಡಿ ಒತ್ತಿದಲ್ಲಿ ನಿಲ್ಲುವುದಿಲ್ಲವೆಂದು ಅದಕ್ಕೆ ರಟ್ಟಿನ ಚೂರು ಸಿಕ್ಕಿಸಿದ್ದವನು ಮುನಿಯಲ್ಲಪ್ಪನೇ; ಕರೆಂಟು ಬಂದರೆ ಅದು ತಾನಾಗಿ ಓಡುತ್ತಿತ್ತು. ತಲೆಯ ಹಿಂದೆ ಮೋಟಾರು ಗುಂಯ್ ಎಂದಿತು. ಆನೆತೂಕದ ಚಕ್ರ ಮೆಲ್ಲಗೆ ಹೊರಳಿ, ವೇಗ ಹಿಡಿಯಿತು. ಇನ್ನು ಕೆಳಗಿನ ಪೆಡಲ್ ಮೇಲೆ ಒಂದು ಕಾಲು ಬಿದ್ದರೆ ಸಾಕು, ಅಚ್ಚು ಕೈಯ ಮೇಲೆ ಇಳಿಯುತ್ತದೆ. ಪಕ್ಕದ ಪ್ರೆಸ್ಸಿನಲ್ಲಿ ಮುತ್ತರಾಯಪ್ಪನ ನಾಲ್ಕು ಬೆರಳು ಹೋದಾಗ, ಅವನ್ನು ತಗಡಿನಿಂದ ಬಿಡಿಸಿದವನು ಇವನು.

"ಮೇನ್ ಆಫ್ ಮಾಡ್ರಪ್ಪೋ. ಇದು ನಾಟ್ಕ ಅಲ್ಲ, ನಿಜ" ಎಂದು ಮುನಿಯಲ್ಲಪ್ಪ ಕೂಗಿದ.

"ಹೆಣ ಮಾತಾಡ್ತದೆ ಕಣ್ಲಾ" ಎಂದು ಯಾರೋ ನಕ್ಕರು.

"ನಂಬ್ಬೇಡ್ರಿ, ಎಲ್ಲಾ ಸುಳ್ಳು ಹೇಳ್ತಾರೆ ಅಂತ ಅಯ್ಯನೋರು ಹೇಳವ್ರೆ."

ಎಲ್ಲರೂ ಹತ್ತಿರ ನುಗ್ಗಿದರು. ಮುಂದೆ ಸಾಹುಕಾರರ ದೊಡ್ಡಮ್ಮ ನರಸಮ್ಮ. ಆಕೆಯ ಕಾಲು ಪೆಡಲಿನ ಅಂಚಿನಲ್ಲಿತ್ತು.

"ಅಮ್ಮಾ, ನಿಮ್ ಕಾಲ್ಮುಗೀತೀನಿ, ಆ ಕಾಲು ಹಿಂದಕ್ಕೆ ತಗೀರಿ."

ನರಸಮ್ಮನ ಕಣ್ಣು ಅರಳಿತು. "ಓಹೋ. ಕಾಲ ಕೆಳಗೇನೋ ಮಡಗಿದ್ದೀಯ ಅನ್ನು." ಸೀರೆ ಎತ್ತಿ ಹೆಬ್ಬೆರಳಿನಿಂದ ತಡಕಿದಳು. "ಇದೇನಪ್ಪ ಕಬ್ಬಿಣದ್ದು? ತುಳೀಲಾ?"

ಮುನಿಯಲ್ಲಪ್ಪನ ಚಡ್ಡಿ ಒದ್ದೆಯಾಯಿತು. ನಿಜ ಹೇಳಿದಷ್ಟೂ ಇವರು ಹತ್ತಿರ ಬರುತ್ತಾರೆ. ಅವನು ಉಸಿರು ಹಿಡಿದು, ನಾಟಕದ ದನಿ ತೆಗೆದ.

"ನನ್ನ ಕೊಂದೋನು ಶ್ಯಾಮಣ್ಣ. ಚಾಕು ಹೊರಗಡೆ ನೀರಿನ ತೊಟ್ಟಿಯಾಗೆ ಬಿಸಾಕವನೆ. ಮೊದ್ಲು ತಂದೋರ್ಗೆ ಕುಕ್ಕರ್."

ಜನ ದಡದಡನೆ ಬಾಗಿಲಿಗೆ ಓಡಿದರು. ನರಸಮ್ಮ ಪ್ರೆಸ್ಸನ್ನು ಹಿಡಿದು ಭಾರವಾಗಿ ತಿರುಗಿದಳು. ಎತ್ತಿದ ಕಾಲನ್ನು ಎಲ್ಲಿ ಊರುತ್ತಾಳೋ ಅವನಿಗೆ ಕಾಣಲಿಲ್ಲ. ಕಣ್ಣು ಮುಚ್ಚಿದ. ಚಪ್ಪಲಿಯ ಸದ್ದು ದೂರವಾಯಿತು. ಕೈ ಇನ್ನೂ ಇತ್ತು.

ಕೊಲೆಗಾರನ ಪಾತ್ರದ ಶ್ಯಾಮಣ್ಣ ಸಿಟ್ಟಿನಿಂದ ಬಂದ. ಅವನೂ ಪ್ರೆಸ್ಸಿನವನೇ. "ಲೇ ಮುನಿಯಲ್ಲ, ಆಟಾನೇ ಕೆಡಿಸ್ಬುಟ್ಟಲ್ಲೋ..." ಎಂದವನು ತಿರುಗುವ ಚಕ್ರ ಕಂಡು ಸ್ಟಾರ್ಟರಿಗೆ ಹಾರಿದ. ರಟ್ಟು ಕಿತ್ತ. ಮೋಟಾರು ನಿಂತರೂ ಚಕ್ರ ತನ್ನ ಭಾರಕ್ಕೆ ತಿರುಗುತ್ತಲೇ ಇತ್ತು. ಶ್ಯಾಮಣ್ಣ ನೆಲಕ್ಕೆ ಕೂತು ಎರಡು ಕೈಯಿಂದ ಪೆಡಲನ್ನು ಮೇಲಕ್ಕೆ ಎತ್ತಿ ಹಿಡಿದ. ಚಕ್ರ ನಿಂತ ಮೇಲೆ ಎದ್ದು ತಂತಿ ಬಿಚ್ಚಿದ.

ತೊಟ್ಟಿಯಲ್ಲಿ ಏನೂ ಸಿಗದೆ ಜನ ಬೈಯುತ್ತಾ ವಾಪಸು ಬಂದರು. ಜಯರಾಮಯ್ಯ ಮಾತ್ರ, "ಕೊನೇಲಿ ಹೆದರಿದ್ದು ಚೆನ್ನಾಗಿತ್ತು ಕಣಯ್ಯ" ಎಂದ.

ಹಬ್ಬ ಕಳೆದು ಕೆಲಸಕ್ಕೆ ಬಂದ ದಿನ ಚಕ್ರ ಎಂದಿನಂತೆ ತಿರುಗುತ್ತಿತ್ತು. ಮುನಿಯಲ್ಲಪ್ಪ ತಗಡು ಹಿಡಿದು ನಿಂತ.

"ಏನ್ಲಾ, ಹೆಣ ಇನ್ನೂ ಎದ್ದಿಲ್ವಾ?" ಸೂಪರ್‌ವೈಸರ್ ಕೇಳಿದ. ಸುತ್ತಲಿದ್ದವರು ನಕ್ಕರು.

ಮುನಿಯಲ್ಲಪ್ಪನೂ ನಗಲು ನೋಡಿದ. ತಗಡು ಒಳಗಿಡಬೇಕು. ಬಲಗೈ ಮುಂದಕ್ಕೆ ಹೋಗಲಿಲ್ಲ.