ದೊಡ್ಡಮ್ಮ ಡಬ್ಬಿ ಕೇಳಿದ್ದು

1

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಪ್ರಾರ್ಥನಾ ಕೂಟದಿಂದ ಎಂದರೆ ನೀವು ಆಕಳಿಸುತ್ತೀರಿ. ಆಸ್ಪತ್ರೆಯಿಂದ ಎಂದರೆ ಈಗಲೇ ಒಂದು ಪಕ್ಷ ಹಿಡಿದು ಕೂರುತ್ತೀರಿ. ಆದ್ದರಿಂದ ಒಂದು ಪದದಿಂದ ಶುರುಮಾಡುತ್ತೇನೆ: ಗರ್ಭಪಾತ. ನಮ್ಮ ಮಾತಿನಲ್ಲಿ ತಾನಾಗಿ ಆದರೂ ಅದೇ ಪದ, ಮಾಡಿಸಿಕೊಂಡರೂ ಅದೇ ಪದ. (ನಾನು ರಸಾಯನಶಾಸ್ತ್ರ ಓದಿದವನು. ಎರಡು ಬಾಟಲಿಗೆ ಒಂದೇ ಲೇಬಲ್ ಅಂಟಿಸಿದವನನ್ನು ಲ್ಯಾಬಿನಿಂದ ಹೊರಗೆ ಕಳಿಸುತ್ತಿದ್ದರು. ಭಾಷೆಯನ್ನು ಎಲ್ಲಿಗೆ ಕಳಿಸುವುದು?)

2

ಚರ್ಚಿನ ಗಾಯಕರಿಗೆ ನಿಲುವಂಗಿ ಹೊಲಿದುಕೊಡುವ ಟೈಲರ್ ಒಬ್ಬಳಿದ್ದಾಳೆ. ಕೆಲವು ವಾರ ಅವಳು ಆರಾಧನೆಗೆ ಬರಲಿಲ್ಲ. ಹೆಂಗಸರ ಕೂಟದಲ್ಲಿ ಅವಳ ಅಕ್ಕ ಎದ್ದು, ತಂಗಿಗೆ ಗರ್ಭಪಾತ ಆಗಿದೆ, ಪ್ರಾರ್ಥನೆ ಮಾಡಿ ಅಂದಳು. ‘ಆಗಿದೆ’ ಅಂದಳು, ಅಷ್ಟೇ. ಸುಳ್ಳೇನೂ ಹೇಳಲಿಲ್ಲ.

ಕೂಟ ಅತ್ತಿತು. ಎಲ್ಲರಿಗಿಂತ ಮೊದಲು ಹೊರಟವರು ಅಲ್ಲಿಯ ಹಿರಿಯ ವಿಧವೆ. ಎಲ್ಲರಿಗೂ ಅವರು ದೊಡ್ಡಮ್ಮ. ಸ್ಟೀಲ್ ಡಬ್ಬಿಯಲ್ಲಿ ಬಿಸಿ ಸೂಪು ತುಂಬಿಕೊಂಡು ಹೋಗಿ, ಟೈಲರಳ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಯಾರಿಗೂ ಹೇಳದಿದ್ದ ಮಾತು ಹೇಳಿದರು. ತಮಗೂ ಹಿಂದೆ ಎರಡು ಬಸಿರು ಹೋಗಿದ್ದವಂತೆ. ಎರಡಕ್ಕೂ ಹೆಸರಿಟ್ಟಿದ್ದರಂತೆ.

ಸೂಪು ಗಂಟಲಿಳಿಯಿತು. ಟೈಲರ್ ಖಾಲಿ ಡಬ್ಬಿಗೆ ಮುಚ್ಚಳ ಹಾಕಿ ಕೊಟ್ಟಳು.

2 (ಮತ್ತೆ)

ಇಲ್ಲಿ ಒಂದು ಕರಡು ಬರೆದಿದ್ದೆ. ಅದರಲ್ಲಿ ಟೈಲರಳಿಗೆ ಹೃದಯದ ಕಾಯಿಲೆ. ಬಸಿರು ಮುಂದುವರಿದರೆ ಜೀವಕ್ಕೇ ಅಪಾಯ. ಓದಿ ಖುಷಿಪಟ್ಟೆ, ಯಾರಿಗೂ ಸಿಟ್ಟು ಬರುವಂತಿರಲಿಲ್ಲ. ಕರಡಿನೊಳಗಿಂದಲೇ ಟೈಲರ್ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ತೆಗೆದಿಟ್ಟಳು.

“ನನಗ್ಯಾಕೆ ಕಾಯಿಲೆ ಅಂಟಿಸ್ತಿದೀರಾ ಸಾರ್?”

ಓದುವವರು ಕನಿಕರಪಡಲಿ ಅಂತ, ಎಂದೆ.

“ಆಗ ಅವರು ಕನಿಕರಪಡೋದು ಕಾಯಿಲೆಗೆ. ನನಗಲ್ಲ.”

ಹಾಗಾದರೆ ಕಾರಣ ಏನು ಅಂತ ಬರೆಯಲಿ? ಗಂಡ ಬಿಟ್ಟು ಹೋಗಿದ್ದಾನೆ, ಮನೆಯಲ್ಲಿ ಚಿಕ್ಕವು ಎರಡಿವೆ, ಭಯ ಆಯ್ತು ಅಂದಳು. ಅಷ್ಟೇನಾ ಎಂದೆ. ಸಾಲಲ್ವಾ ಎಂದು ತಿರುಗಿ ಕೇಳಿದಳು. ಸಾಲುತ್ತದೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕಾಯಿಲೆಯನ್ನಂತೂ ಹೊಡೆದುಹಾಕಿದೆ.

4

(3ರಲ್ಲಿ ಪಾಸ್ಟರರು ಆರಾಧನೆಯಲ್ಲಿ ಮಾಡಿದ ಪ್ರಸಂಗವಿತ್ತು: ಜೀವ ದೇವರದು ಅಂತ. ನಾನೂ ಹಾಗೇ ನಂಬುವವನು. ಆದರೆ ಅಷ್ಟುದ್ದದ ಪ್ರಸಂಗದಲ್ಲಿ ಎಲ್ಲೂ ಟೈಲರ್ ಇರಲಿಲ್ಲ. ಪಾಸ್ಟರೇ ಬಂದು, ಅದನ್ನು ತೆಗೆದುಬಿಡಿ, ಅವಳು ಎದುರಿಗೆ ಕೂತಿದ್ದರೆ ನಾನು ಬೇರೆ ಥರ ಹೇಳ್ತೀನಿ ಎಂದರು. ಯಾವ ಥರ ಎಂದು ಕೇಳಿದ್ದಕ್ಕೆ, ಅದನ್ನೇ ಯೋಚಿಸ್ತಿದೀನಿ ಎಂದರು.)

ಮರುದಿನವೂ ದೊಡ್ಡಮ್ಮ ಡಬ್ಬಿ ತಂದರು. ನಿನ್ನದಕ್ಕೂ ಒಂದು ಹೆಸರಿಡು, ಎದೆ ಹಗುರಾಗುತ್ತೆ ಅಂದರು. ಅದನ್ನು ಮಾತ್ರ ಟೈಲರಳಿಗೆ ತಡೆದುಕೊಳ್ಳಲಾಗಲಿಲ್ಲ.

“ದೊಡ್ಡಮ್ಮ, ಅದು ತಾನಾಗಿ ಹೋಗಲಿಲ್ಲ. ನಾನೇ ಹೋಗಿ ತೆಗೆಸಿಕೊಂಡೆ.”

ದೊಡ್ಡಮ್ಮ ಎದ್ದು ಹೋದರು. ಡಬ್ಬಿ ಅಲ್ಲೇ ಉಳಿಯಿತು.

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಸುದ್ದಿಯನ್ನು ಅಕ್ಕನೇ ಕೂಟಕ್ಕೆ ಹೇಳಿದಳು. ಕೊಟ್ಟ ಸಮಾಧಾನವನ್ನು ವಾಪಸ್ಸು ತೆಗೆದುಕೊಳ್ಳಬಹುದೇ ಎಂಬುದು ಈಗ ಅಲ್ಲಿಯ ಪ್ರಶ್ನೆ. ಒಬ್ಬಳು, ಮೋಸಮಾಡಿ ನಮ್ಮನ್ನ ಅಳಿಸಿದಳು ಅಂದಳು. ಇನ್ನೊಬ್ಬಳು, ಅತ್ತಿದ್ದು ಅತ್ತಾಯ್ತಲ್ಲ, ಈಗೇನು ಬಕೆಟ್ ಹಿಡ್ಕೊಂಡು ಹೋಗಿ ತುಂಬ್ಕೊಂಡು ಬರ್ತೀಯಾ ಅಂದಳು. 

5

ಮುಕ್ತಾಯ ಅ: ದೊಡ್ಡಮ್ಮ ಮತ್ತೆ ಬರುವುದಿಲ್ಲ. ಟೈಲರ್ ಡಬ್ಬಿ ತೊಳೆದು ಅಕ್ಕನ ಕೈಯಲ್ಲಿ ಕಳಿಸುತ್ತಾಳೆ. (ಸುಲಭವಾಗಿ ನಂಬಬಹುದು. ಅದಕ್ಕೇ ಬೇಡ.)

ಮುಕ್ತಾಯ ಆ: ದೊಡ್ಡಮ್ಮ ಬಂದು ಕ್ಷಮಿಸುತ್ತಾರೆ, ತಬ್ಬಿಕೊಂಡು ಇಬ್ಬರೂ ಅಳುತ್ತಾರೆ. ಇದನ್ನು ದೊಡ್ಡಮ್ಮನಿಗೇ ಓದಿ ಹೇಳಿದೆ.

“ಕ್ಷಮಿಸೋಕೆ ನಾನ್ಯಾರಪ್ಪ? ಅದು ಮೇಲಿನವನ ಕೆಲಸ.”

ಹಾಗಾದರೆ ಅವಳು ಮಾಡಿದ್ದು ತಪ್ಪಲ್ಲವೇ ಎಂದೆ.

“ತಪ್ಪೇ.” ಸೆರಗಿನ ಅಂಚು ಮಡಚಿದರು. “ನನ್ನ ಎರಡನ್ನೂ ಅವಳ ಮುಂದೆ ಇಟ್ಟೆನಲ್ಲ, ಅದು ಉರೀತಿದೆ. ಆದ್ರೆ ಅವಳು ಸುಮ್ನಿದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಯಾಕೆ ಹೇಳಿದಳು?”

ನಾನು ಬರೆಯದ ಪ್ರಶ್ನೆ ಅದು.

6

ಮಧ್ಯಾಹ್ನ. ಹೊಲಿಗೆಯಂತ್ರದ ಸದ್ದು. ಬಾಗಿಲಲ್ಲಿ ದೊಡ್ಡಮ್ಮ. ಒಳಗೆ ಬರಲಿಲ್ಲ.

“ಡಬ್ಬಿ ಕೊಡು.”

ಪೆಡಲ್ ಮೇಲಿನ ಕಾಲು ನಿಂತಿತು. ಇದೂ ಒಂದೇ ಲೇಬಲ್ಲು, ಎರಡು ಬಾಟಲಿ. ಋಣ ಹರಿಯಿತು, ಕೊಟ್ಟುಬಿಡು ಎಂದೇ? ನಾಳೆಗೆ ತುಂಬಬೇಕು, ಕೊಡು ಎಂದೇ? ತಡೆಯಲಾರದೆ ನಡುವೆ ಬಾಯಿ ಹಾಕಿ ಕೇಳಿಯೇಬಿಟ್ಟೆ. ನಿನಗ್ಯಾಕೆ, ನಾನು ಕೇಳಿದ್ದು ಅವಳನ್ನ ಎಂದು ಗದರಿದರು.

ಟೈಲರ್ ಡಬ್ಬಿ ತಂದಳು. ಉಜ್ಜಿ ಉಜ್ಜಿ ತೊಳೆದಿದ್ದಳು, ಮುಖ ಕಾಣುವ ಹಾಗೆ. ದೊಡ್ಡಮ್ಮ ಎರಡೂ ಕೈ ಚಾಚಿ ಹಿಡಿದರು. ಟೈಲರ್ ಇನ್ನೂ ಬಿಟ್ಟಿಲ್ಲ. ದೊಡ್ಡಮ್ಮ ಎಳೆಯುತ್ತಲೂ ಇಲ್ಲ.

ಕಥೆಗೆ ಬಾಗಿಲು ಹಾಕೋಣವೆಂದರೆ, ಹೊಸ್ತಿಲ ಮೇಲೆ ನಾಲ್ಕು ಕೈಗಳಿವೆ.